ಮಾತು ಕೊಟ್ಟದ್ದು ನಾನು, ಅನುಭವಿಸುವುದು ಮಂಡಿ

ಡಿಸೆಂಬರಿನಲ್ಲಿ ಬೆಂಗಳೂರಿಂದ ಪುತ್ತೂರಿಗೆ ಸೈಕಲ್ಲಿನಲ್ಲೇ ಬರ್ತೇನೆ ಅಂತ ಅಪ್ಪನಿಗೆ ಹೇಳಿಬಿಟ್ಟಿದ್ದೇನೆ. ಮುನ್ನೂರು ಚಿಲ್ಲರೆ ಕಿಲೋಮೀಟರು! ಉತ್ಸಾಹ ನೋಡಿ, ಮೊದಲ ವಾರ 40 ಕಿ.ಮೀ. ತುಳಿದವನು ಮರುವಾರವೇ ನಂದಿಬೆಟ್ಟಕ್ಕೆ ಹೋಗಿ ಬಂದೆ. ಸೋಮವಾರ ಆಫೀಸಿನ ಮೆಟ್ಟಿಲಿಳಿಯುವಾಗ ಬಲ ಮಂಡಿಚಿಪ್ಪಿನ ಮುಂದೆ ಸೂಜಿ ಚುಚ್ಚಿದ ಹಾಗೆ...

ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಅವರು ಮಂಡಿಗಿಂತ ಮೊದಲು ವಿಚಾರಿಸಿದ್ದು ಸೀಟಿನ ಎತ್ತರವನ್ನು. ಪೆಡಲು ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕಂತೆ. ನನ್ನದು ಮಡಚಿಯೇ ಇತ್ತು. ಸೀಟು ತಗ್ಗಾದರೆ ಮಂಡಿಯ ಮುಂದೆ ನೋವು, ಅತಿ ಎತ್ತರವಾದರೆ ಹೆಚ್ಚಾಗಿ ಹಿಂದೆ. ಎರಡನೇ ತಪ್ಪು, ಭಾರದ ಗೇರಿನಲ್ಲಿ ಹಲ್ಲು ಕಚ್ಚಿ ತುಳಿಯುವ ನನ್ನ ಶೌರ್ಯ. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತರಷ್ಟು ಸುತ್ತು ತುಳಿದರೆ ಪ್ರತಿ ಸುತ್ತಿಗೆ ಮಂಡಿಯ ಮೇಲೆ ಬೀಳುವ ಒತ್ತಡ ಕಡಿಮೆ. ಮೂರನೆಯದು ಆತುರ. ಉಸಿರು ಬೇಗ ಪಳಗುತ್ತದೆ, ಕೀಲು ಸ್ನಾಯುರಜ್ಜುಗಳು ನಿಧಾನ. ಹತ್ತು ದಿನ ವಿಶ್ರಾಂತಿ, ಆಮೇಲೆ ತೊಡೆಗೆ ವ್ಯಾಯಾಮ, ದೂರ ಏರಿಸುವುದು ಸ್ವಲ್ಪಸ್ವಲ್ಪವೇ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ದಿನಾ ಸೈಕಲ್ಲಿನಲ್ಲೇ ಶಾಲೆಗೆ ಹೋಗಿ ಪಾಠ ಮಾಡಿದವರು, ಈಗ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. "ನಾನೂ ನೋವಿದ್ದಾಗ ನಿಲ್ಲಿಸಲಿಲ್ಲ ಮಾರಾಯ. ಆಗದಿದ್ರೆ ಸೈಕಲನ್ನು ಬಸ್ಸಿಗೆ ಹಾಕಿಕೊಂಡು ಬಾ," ಅಂದರು.

ಈ ಭಾನುವಾರ ಬರೀ 25 ಕಿ.ಮೀ. ಹೋದೆ. ಮಂಡಿ ಮಾತಾಡಲಿಲ್ಲ. ಡಿಸೆಂಬರಿಗಾಗದಿದ್ದರೆ ಫೆಬ್ರವರಿ. ಶಿರಾಡಿ ಘಾಟಿ ಅಲ್ಲೇ ಇರುತ್ತದೆ, ಅಪ್ಪನೂ ಜಗಲಿಯಲ್ಲಿ ಕಾಯುತ್ತಾರೆ.