ಕೂಡಲಿಯಲ್ಲಿ ಕೂಡಿದವರು

ಕನ್ನಡದಲ್ಲಿ ‘ನೀವು’ ಎಂಬುದು ಗೌರವದ ಮಾತು. ಆದರೆ ವರ್ಷಗಟ್ಟಲೆ ‘ನೀನು’ ಎಂದು ಕರೆದವಳೇ ಒಂದು ಬೆಳಿಗ್ಗೆ ‘ನೀವು ಯಾರಮ್ಮಾ?’ ಎಂದು ಕೇಳಿದರೆ ಆ ಗೌರವವನ್ನು ತಾಳಿಕೊಳ್ಳುವುದು ಬಲು ಕಷ್ಟ. ನನ್ನ ಮನೆಯಲ್ಲಿ ಅಂತಹ ಬೆಳಗು ಬಂದಿರುವುದು. ಗೃಹಸ್ಥರಾದ ವಾಚಕರಲ್ಲಿ ಅದನ್ನು ಅರಿಕೆಮಾಡಿಕೊಳ್ಳುವೆನು.

ನಾನೂ ಹೆಂಗಸು, ಅವಳೂ ಹೆಂಗಸು. ಅವಳ ತವರು ತುಂಗೆಯ ದಡದ ಶಿವಮೊಗ್ಗೆ. ನನ್ನದು ಭದ್ರೆಯ ದಡದ ಭದ್ರಾವತಿ. ಎರಡು ಹೊಳೆಗಳೂ ಕೂಡುವ ಕೂಡಲಿಯಲ್ಲಿ 1996ರಲ್ಲಿ, ಪುರೋಹಿತರಾಗಲಿ ನೆಂಟರಾಗಲಿ ಇಲ್ಲದೆ, ಒಬ್ಬರಿಗೊಬ್ಬರು ಹೂ ಮುಡಿಸಿ ದಾಂಪತ್ಯವನ್ನು ಆರಂಭಿಸಿದೆವು. ವಯಸ್ಕರ ಒಮ್ಮತದ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ನೆಯ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಇಂತಹ ವಿವಾಹಕ್ಕೆ ಮನ್ನಣೆ ಕೊಡಲು ಮಾತ್ರ 2023ನೆಯ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಆದುದರಿಂದ ನಮ್ಮ ಮದುವೆಗೆ ಇದ್ದ ದಾಖಲೆಗಳು ಎರಡೇ: ಅವಳ ನೆನಪೊಂದು, ನನ್ನ ನೆನಪೊಂದು. ಅವುಗಳಲ್ಲಿ ಒಂದು ಈಗ ಅಳಿಯುತ್ತಿರುವುದು.

ವೈದ್ಯರು ಇದಕ್ಕೆ ಆಲ್ಝೈಮರ್ ಎಂದು ಹೆಸರಿಟ್ಟರು. ಹೊಸ ನೆನಪುಗಳನ್ನು ಕೂಡಿಡುವ ಮಿದುಳಿನ ಭಾಗವು ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದಂತೆ. ಬೆಳಗಿನ ತಿಂಡಿಯು ಮರೆತುಹೋಗುವುದು, ಎಳೆತನದ ಬೀದಿಯು ಉಳಿಯುವುದು. ನಾನು ಅವಳ ಬಾಳಿಗೆ ಅವಳ ಮೂವತ್ತೆಂಟನೆಯ ವಯಸ್ಸಿನಲ್ಲಿ ಬಂದವಳು. ಇತ್ತೀಚಿನದರಿಂದ ಹಿಂದಕ್ಕೆ ಅಳಿಸುತ್ತ ಹೋಗುವ ಈ ರೋಗವು ನನ್ನನ್ನು ಬೇಗನೆ ಮುಟ್ಟಿತು. ಇಪ್ಪತ್ತು ವರ್ಷಗಳಿಂದ ನಮ್ಮ ಹೊಸ್ತಿಲು ತುಳಿಯದ ತಮ್ಮನನ್ನು ಅವಳು ದಿನವೂ ಕೇಳುವಳು; ತಲೆ ಬಾಚುತ್ತಿರುವ ನನ್ನನ್ನು ಅರಿಯಳು. ಇದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳಾದೀತು. ಭದ್ರಾವತಿಯನ್ನು ಬೆಂಕಿಪುರವೆಂದೇ ಕರೆಯುವಳು. ಅದು ಅವಳ ಅಜ್ಜಿಯ ಬಾಯಲ್ಲಿದ್ದ ಹಳೆಯ ಹೆಸರು. 1923ರಿಂದ ಕಬ್ಬಿಣ ಕರಗಿಸಿದ ಊರಿಗೆ ಅದೇ ತಕ್ಕ ಹೆಸರೆಂದು ನನಗೂ ತೋರುವುದುಂಟು.

ರೋಗವು ಮೊದಲಾದ ದಿನಗಳಲ್ಲಿ ಒಂದು ಆಸ್ಪತ್ರೆಯಲ್ಲಿ ‘ನೀವು ಇವರಿಗೆ ಏನಾಗಬೇಕು?’ ಎಂದು ಕೇಳಿದರು. ಅಕ್ಕನೆಂದಿದ್ದರೆ ಕೆಲಸವು ಸಲೀಸಾಗುತ್ತಿತ್ತು. ನನ್ನ ನಾಲಗೆ ಹೊರಳಲಿಲ್ಲ. ರಕ್ತಸಂಬಂಧಿಗಳನ್ನು ಕರೆತನ್ನಿರೆಂದರು. ಆಮೇಲೆ ತಿಳಿದವರೊಬ್ಬರು 2017ರ ಮಾನಸಿಕ ಆರೋಗ್ಯ ಕಾಯಿದೆಯ ಸಂಗತಿಯನ್ನು ಹೇಳಿದರು. ನೆನಪಿನ ತೀವ್ರವಾದ ವಿಕಾರವೂ ಆ ಕಾಯಿದೆಯೊಳಗೆ ಬರುವುದು. ಅದರ 14ನೆಯ ಕಲಮಿನಂತೆ, ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಸಾದಾ ಕಾಗದದಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು; ನೆಂಟರೇ ಆಗಬೇಕೆಂದಿಲ್ಲ. ನೇಮಿಸದಿದ್ದರೆ ಮೊದಲು ನೆಂಟರ ಸರದಿ, ಅನಂತರ ಆರೈಕೆ ಮಾಡುವವರದು. ಮದುವೆಯ ಪತ್ರವಿಲ್ಲದೆ ಒಂದೇ ಸೂರಿನಡಿ ಬಾಳುವವರು ಯಾರೇ ಆಗಲಿ, ತಿಳಿವು ತಿಳಿಯಾಗಿರುವಾಗಲೇ ಇದನ್ನು ಬರೆದಿಡುವುದು ಮೇಲು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಮೊದಲಾದ ಮೇಲೆ ದಿನಗಳು ಬೇಗ ಸರಿಯುತ್ತವೆ.

ಅವಳು ಬರೆದಳು. ಮನಸ್ಸು ಸ್ವಚ್ಛವಾಗಿದ್ದ ಒಂದು ಬೆಳಿಗ್ಗೆ, ಕೈ ನಡುಗಿದರೂ ಅಕ್ಷರ ಕೆಡದಂತೆ, ನನ್ನ ಹೆಸರಿನ ಮುಂದೆ ‘ನನ್ನ ಮನೆಯಾಕೆ’ ಎಂದು ಬರೆದಳು. ಹಾಗೆ ಬರೆಯೆಂದು ನಾನು ಹೇಳಿರಲಿಲ್ಲ. ಕಾಯಿದೆಗೆ ಆ ಪದವು ಬೇಕಾಗಿಯೂ ಇರಲಿಲ್ಲ.

ಈಗ ಸಂಜೆಯಾಯಿತೆಂದರೆ ತುಂಗೆಗೆ ಹೋಗಬೇಕೆಂದು ಹಟಹಿಡಿಯುವಳು. ಭದ್ರೆಯ ದಡಕ್ಕೆ ಕರೆದೊಯ್ಯುವೆನು. ನೀರನ್ನು ಕಂಡರೆ ಅವಳಿಗೆ ತೃಪ್ತಿ. ಅಲ್ಲಿ ಕುಳಿತು, ಹಾದಿಯಲ್ಲಿ ಸಿಕ್ಕ ಒಬ್ಬಾಕೆಗೆ ಹೇಳುವಂತೆ, ತನ್ನ ಎಳೆತನದ ಕಥೆಗಳನ್ನು ನನಗೆ ಹೇಳುವಳು. ಅವುಗಳಲ್ಲಿ ಕೆಲವನ್ನು ಇಷ್ಟು ವರ್ಷ ಅವಳು ನನಗೆ ಹೇಳಿಯೇ ಇರಲಿಲ್ಲ.