ಗುಳ್ಳೆಯ ಜೊತೆಗೆ ಒಂದು ಚೂರು ಮೂಳೆ

ಹುಡುಗನಿಗೆ ಆಗಲೇ ಅರಿವಳಿಕೆ ಹತ್ತಿದೆ. ಹೆಗಲ ಕೆಳಗೆ ಬಟ್ಟೆ ಸುರುಳಿ ಇಟ್ಟಿದ್ದಾರೆ. ತಲೆ ಹಿಂದಕ್ಕೆ ವಾಲಿ ಕುತ್ತಿಗೆ ಉಬ್ಬಿಕೊಂಡಿದೆ. ಗಂಟಲಮಣಿಯ ಮೇಲೆ, ಸರಿಯಾಗಿ ನಡುಮಧ್ಯೆ, ನೆಲ್ಲಿಕಾಯಿ ಗಾತ್ರದ ಗಂಟು. ಬೆಳಿಗ್ಗೆ ವಾರ್ಡಿನಲ್ಲಿ "ನಾಲಿಗೆ ಹೊರಗೆ ಹಾಕು ಮರಿ" ಅಂದಾಗ ಅದು ಮೇಲಕ್ಕೆ ಜಾರಿದ್ದನ್ನು ನೀವೂ ಕಂಡಿರಿ. ಥೈರೋಗ್ಲೋಸಲ್ ಸಿಸ್ಟ್ ಎಂಬ ಗುಳ್ಳೆಗೆ ಅದೇ ಗುರುತು.

ಚರ್ಮದ ಮಡಿಕೆಗುಂಟ ಅಡ್ಡಕ್ಕೆ ಬ್ಲೇಡು ಸರಿಯುತ್ತದೆ. ಕಾಟರಿ ಚುರ್ ಎನ್ನುತ್ತಿದ್ದಂತೆ ಸುಟ್ಟ ವಾಸನೆ ನಿಮ್ಮ ಮಾಸ್ಕ್ ದಾಟಿ ಮೂಗಿಗೆ ಬಡಿಯುತ್ತದೆ. ಸ್ನಾಯುಗಳನ್ನು ನಡುವೆ ಬಿಡಿಸಿ ಎರಡೂ ಬದಿಗೆ ಎಳೆದು ಹಿಡಿದರೆ, ಒಳಗೆ ಹಳದಿ ಮಿಶ್ರಿತ ಬಿಳಿಯ ಚೀಲ. ಅದನ್ನು ಒಡೆಯದಂತೆ ಸುತ್ತಲೂ ಬಿಡಿಸುವುದೇ ನಾಜೂಕಿನ ಕೆಲಸ. ಹಿಂದೆ ಸೋಂಕಾಗಿ ಕೀವು ತುಂಬಿದ್ದರಂತೂ ಎಲ್ಲವೂ ಅಂಟಿಕೊಂಡಿರುತ್ತದೆ.

ಚೀಲ ಸಡಿಲವಾಯಿತು. ಇನ್ನೇನು, ಎತ್ತಿದರೆ ಬಂತು ಅನ್ನಿಸುತ್ತದೆ ನಿಮಗೆ. ಬರುವುದಿಲ್ಲ. ಅದರ ಮೇಲ್ತುದಿಯಿಂದ ಎಳೆಯೊಂದು ನಾಲಿಗೆಯ ಬುಡದ ಕೆಳಗಿನ ಹಯಾಯ್ಡ್ ಮೂಳೆಯತ್ತ ಹೋಗಿದೆ. ಭ್ರೂಣದಲ್ಲಿ ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಅದು ಕುತ್ತಿಗೆಗೆ ಇಳಿದ ದಾರಿ ತಾನಾಗಿ ಮುಚ್ಚಿಹೋಗಬೇಕು. ಈ ಹುಡುಗನಲ್ಲಿ ಪೂರ್ತಿ ಮುಚ್ಚಿಲ್ಲ. (ಥೈರಾಯ್ಡ್ ಇರಬೇಕಾದ ಜಾಗದಲ್ಲೇ ಇದೆಯೇ ಎಂದು ಮೊದಲೇ ಸ್ಕ್ಯಾನ್ ಮಾಡಿರುತ್ತಾರೆ. ಕೆಲವರಲ್ಲಿ ಆ ಗಂಟೇ ಇರುವ ಒಂದೇ ಥೈರಾಯ್ಡ್!)

ಗುಳ್ಳೆಯನ್ನಷ್ಟೇ ಕಿತ್ತರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮತ್ತೆ ಬರುತ್ತದೆ. ಮೂಳೆಯ ನಡುಭಾಗವನ್ನೂ ತೆಗೆಯಬೇಕೆಂದು ಜರ್ಮನಿಯ ಶಸ್ತ್ರವೈದ್ಯ ಶ್ಲಾಂಗೆ 1893ರಲ್ಲೇ ಹೇಳಿದ್ದ. ಅಷ್ಟೂ ಸಾಲದು, ನಾಲಿಗೆಯ ಬುಡದವರೆಗಿನ ಮಾಂಸವನ್ನೂ ಸೇರಿಸಿ ತೆಗೆಯಿರಿ ಎಂದು 1920ರಲ್ಲಿ ಬರೆದವನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಿಸ್ಟ್ರಂಕ್. ಎಳೆಯನ್ನು ಹುಡುಕುತ್ತಾ ಕೂರದೆ ಅದಿರಬಹುದಾದ ಜಾಗವನ್ನೇ ಎತ್ತಿಬಿಡುವ ಈ ಉಪಾಯ ಒರಟು ಅನ್ನಿಸಬಹುದು. ಆದರೆ ಓಟಿಯಲ್ಲಿ ಇವತ್ತಿಗೂ ನಡೆಯುತ್ತಿರುವುದು ಅದೇ.

"ಬೋನ್ ಕಟರ್ ಕೊಡಿ ಸಿಸ್ಟರ್."

ಕಟಕ್. ಇನ್ನೊಂದು ಬದಿಗೂ ಕಟಕ್. ಹೆಚ್ಚು ಪಕ್ಕಕ್ಕೆ ಸರಿಯುವಂತಿಲ್ಲ. ನಾಲಿಗೆಯನ್ನು ಆಡಿಸುವ ನರ ಅಲ್ಲೇ ಆಚೆಗಿದೆ. ಸೆಂಟಿಮೀಟರಿನಷ್ಟು ಮೂಳೆ ಗುಳ್ಳೆಗೆ ಅಂಟಿಕೊಂಡೇ ಮೇಲೆದ್ದಿತು. ಈಗ ಅರಿವಳಿಕೆ ವೈದ್ಯೆ ಹುಡುಗನ ಬಾಯೊಳಗೆ ಬೆರಳಿಟ್ಟು ನಾಲಿಗೆಯ ಬುಡವನ್ನು ಒತ್ತುತ್ತಾರೆ. ಆ ಒತ್ತು ಇತ್ತ ಗಾಯದೊಳಗೆ ಉಬ್ಬಾಗಿ ಕಾಣುತ್ತದೆ.

"ಸಿಕ್ಕಿತಾ ಸರ್?"

"ಹ್ಞಾಂ, ಹಾಗೇ ಹಿಡ್ಕೊಳ್ಳಿ ಮೇಡಂ."

ಆ ಉಬ್ಬಿನ ಕಡೆಗೆ ಮಾಂಸದ ತಿರುಳನ್ನು ಕೊರೆದು, ಬುಡಕ್ಕೆ ದಾರ ಬಿಗಿದು ಕತ್ತರಿಸುತ್ತಾರೆ. ಗುಳ್ಳೆ, ಮೂಳೆ, ಮಾಂಸ ಒಂದೇ ತುಂಡಾಗಿ ಟ್ರೇಗೆ ಬಂತು. ಅಲ್ಲಿಂದ ಫಾರ್ಮಲಿನ್ ಡಬ್ಬಿಗೆ, ಆಮೇಲೆ ಪೆಥಾಲಜಿಗೆ. ನೂರರಲ್ಲಿ ಒಂದರಲ್ಲಿ ಕ್ಯಾನ್ಸರ್ ಅಡಗಿರುವುದುಂಟು, ಪರೀಕ್ಷೆ ತಪ್ಪಿಸುವಂತಿಲ್ಲ.

ರಕ್ತ ಶೇಖರವಾಗಿ ಉಸಿರಿಗೆ ಅಡ್ಡ ಬಾರದಿರಲೆಂದು ಸಣ್ಣ ಡ್ರೇನ್ ಇಟ್ಟು, ಹೊಲಿಗೆ ಹಾಕಿ ಮುಗಿಸುತ್ತಾರೆ. ಹೊರಗೆ ತಾಯಿ ಕಾಯುತ್ತಿದ್ದಾರೆ.

"ಮೂಳೆ ತೆಗೆದ್ರೆ ಊಟ ನುಂಗೋದು ಹೇಗೆ ಡಾಕ್ಟ್ರೇ?"

"ನಡುವಿನ ಚೂರು ಅಷ್ಟೇ ಅಮ್ಮಾ, ನುಂಗೋಕೆ ತೊಂದರೆ ಆಗಲ್ಲ. ಪೂರ್ತಿ ಎಚ್ಚರ ಆದ್ಮೇಲೆ ಮೊದಲು ನೀರು. ಗಂಜಿ ಯಾವಾಗ ಅಂತ ಸಿಸ್ಟರ್ ಹೇಳ್ತಾರೆ."