ಎರೆಹುಳು ಒಲ್ಲದ ಹಾಸು

ಗಾಲ್ಫಿನ ಕೌಶಲವೆಲ್ಲ ಆಟಗಾರನ ಕೈಯಲ್ಲಿದೆ ಎನ್ನುವವರು ಗ್ರೀನ್ ಕಾಯುವವರ ಕೆಲಸವನ್ನೊಮ್ಮೆ ಗಮನಿಸಬೇಕು. ಕುಳಿಯ ಸುತ್ತಲಿನ ಆ ಹುಲ್ಲುಹಾಸನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ. ಅದರ ಮೇಲೆ ಉರುಳುತ್ತಲೇ ಚೆಂಡು 108 ಮಿಲಿಮೀಟರ್ ಅಗಲದ ಕುಳಿಯನ್ನು ಸೇರಬೇಕು. ರಾತ್ರಿ ಎರೆಹುಳು ಮೇಲೆ ಬಂದು ಹಾಕಿಹೋದ ಹಿಕ್ಕೆಯ ಒಂದೇ ಗುಪ್ಪೆ ಸಾಕು, ಚೆಂಡು ದಾರಿ ತಪ್ಪುತ್ತದೆ. ಗುಪ್ಪೆಯನ್ನು ಸರಿಸಲು ಆಟದ ನಿಯಮ ಅನುಮತಿ ಕೊಡುತ್ತದೆ, ನಿಜ. ಆದರೆ ಹಸಿ ಹಿಕ್ಕೆಯನ್ನು ತುಳಿದರೆ ಮಣ್ಣು ಮೆತ್ತಿಕೊಂಡು ಅಡಿಯ ಹುಲ್ಲು ಸಾಯುತ್ತದೆ, ಬೋಳಾದ ಜಾಗದಲ್ಲಿ ಕಳೆ ಹುಟ್ಟುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ಅಲಗು ಮೊಂಡಾಗುತ್ತದೆ. ಹುಳುವನ್ನು ಕೊಂದುಬಿಡೋಣ ಎಂಬ ಯೋಚನೆ ಬಂದದ್ದು ಹೀಗೆ. ಈ ಕಸುಬಿನ ಸೊಗಸು ಇರುವುದು ಕೊಲ್ಲುವುದರಲ್ಲಲ್ಲ, ಆ ಜಾಗವೇ ಹುಳುವಿಗೆ ಬೇಡವಾಗುವಂತೆ ಮಾಡುವುದರಲ್ಲಿ ಎಂಬುದು ನನ್ನ ವಾದ.

ಬ್ರಿಟನ್ನಿನ ಅನುಭವವೇ ಇದಕ್ಕೆ ಸಾಕ್ಷಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಗ್ರೀನ್‌ಗಳಿಗೆ ಮದ್ದು ಹೋಗುತ್ತಿದ್ದುದು ಭಾರತದಿಂದ. ಹಿಪ್ಪೆಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೇ ಆ ಮದ್ದು. ಹಿಂಡಿಯ ಪುಡಿ ಎರಚಿ ಧಾರಾಳವಾಗಿ ನೀರು ಹಾಯಿಸಿದರೆ ಅದರಲ್ಲಿನ ಸಪೋನಿನ್ ಹುಳುವಿನ ತೇವದ ಚರ್ಮವನ್ನು ಉರಿಸುತ್ತಿತ್ತು. ಮೇಲೆದ್ದ ಹುಳುಗಳನ್ನು ಗುಡಿಸಿ ಒಯ್ಯುತ್ತಿದ್ದರು. ಮುಂದೆ ಕ್ಲೋರ್ಡೇನ್ ಬಂತು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಆ ವಿಷದ ಬಳಕೆ 1992ರಲ್ಲಿ ಕೊನೆಗೊಂಡಿತು. ಬಳಿಕ ಆಸರೆಯಾಗಿದ್ದ ಕಾರ್ಬೆಂಡಜಿಮ್ ಕೂಡ 2017ರಲ್ಲಿ ಕೈತಪ್ಪಿತು. ಮದ್ದುಗಳು ಒಂದರ ಹಿಂದೊಂದು ಹೋದವು, ಹುಳು ಉಳಿಯಿತು. ಹುಳುವನ್ನು ಕರೆಯುವ ತೇವ, ಆಹಾರ ಎರಡೂ ಹಾಗೆಯೇ ಇದ್ದರೆ ಸುತ್ತಲಿನ ನೆಲದಿಂದ ಹೊಸ ಹುಳು ಬಂದೇ ಬರುತ್ತದೆ.

ಆದ್ದರಿಂದ ಜಾಣ ಕಸುಬುದಾರ ಆ ಕರೆಯನ್ನೇ ನಿಲ್ಲಿಸುತ್ತಾನೆ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡದೆ ಬುಟ್ಟಿಯಲ್ಲಿ ಹಿಡಿದು ಹೊರಗೆ ಹಾಕುತ್ತಾನೆ, ಉದುರಿದ ಎಲೆಗಳನ್ನು ತೆಗೆಯುತ್ತಾನೆ. ಹುಳುವಿನ ಊಟ ಕಡಿಮೆಯಾಗುತ್ತದೆ. ತೆಳುವಾಗಿ ಮತ್ತೆ ಮತ್ತೆ ಮರಳು ಹರಡುತ್ತಾನೆ. ಮೇಲ್ಪದರ ಬೇಗ ಒಣಗುತ್ತದೆ. ನೀರನ್ನು ಹುಲ್ಲಿನ ಅಗತ್ಯಕ್ಕೆ ತಕ್ಕಷ್ಟೇ ಕೊಡುತ್ತಾನೆ. ಇಷ್ಟಾದರೂ ಕಾಣಿಸಿಕೊಂಡ ಹಿಕ್ಕೆಯನ್ನು ಒಣಗಲು ಬಿಟ್ಟು, ಉದ್ದನೆಯ ಬಿದಿರು ಕೋಲು ಬೀಸಿ ಪುಡಿಮಾಡುತ್ತಾನೆ. ಯಾವಾಗ ಬೀಸಬೇಕು, ಯಾವಾಗ ಕಾಯಬೇಕು ಎಂಬ ಹದ ತಿಳಿಯುವುದೇ ಈ ಕೆಲಸದ ಸುಖ.

ಇಷ್ಟು ತಾಳ್ಮೆ ಏಕೆ, ಅಮೋನಿಯಂ ಸಲ್ಫೇಟ್ ಹಾಕಿ ಮಣ್ಣನ್ನು ಹುಳಿಯಾಗಿಸಿದರೆ ಹುಳು ತಾನಾಗಿ ತೊಲಗುವುದಿಲ್ಲವೇ ಎಂದು ಕೇಳಬಹುದು. ತೊಲಗುತ್ತದೆ. ಅದರ ಬೆಲೆ ಏನೆಂಬುದನ್ನು ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗ ತೋರಿಸಿದೆ. ಆ ಗೊಬ್ಬರದಿಂದ ತೀರಾ ಹುಳಿಯಾದ ತುಂಡುಗಳಲ್ಲಿ ಹುಳುಗಳು ವಿರಳವಾದವು, ಸತ್ತ ಹುಲ್ಲು ಕೊಳೆಯದೆ ನೆಲದ ಮೇಲೆ ದಪ್ಪ ಪದರವಾಗಿ ಕೂತಿತು. ಗ್ರೀನ್‌ನಲ್ಲಿ ಅಂಥ ಪದರ ಬೆಳೆದರೆ ನೀರು ಇಂಗದು, ಬೇರು ಆಳಕ್ಕಿಳಿಯದು, ಹುಲ್ಲು ರೋಗಕ್ಕೆ ತುತ್ತಾಗುತ್ತದೆ. ಹುಳು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಆಳು ಮತ್ತು ಯಂತ್ರ ಇಡಬೇಕಾಗುತ್ತದೆ. ಇಂಗ್ಲೆಂಡಿನ ಹಲವೆಡೆ ಹುಳುಗಳು ಎಕರೆಗೆ ವರ್ಷಕ್ಕೆ 10 ಟನ್ನಿಗೂ ಮಿಕ್ಕಿ ಮಣ್ಣನ್ನು ಮೇಲೆ ತರುತ್ತವೆಂದು ಡಾರ್ವಿನ್ 1881ರ ತನ್ನ ಪುಸ್ತಕದಲ್ಲಿ ಅಂದಾಜಿಸಿದ್ದ. ಅಂಥ ದುಡಿಮೆಗಾರನನ್ನು ಇಡೀ ಮೈದಾನದಿಂದ ಅಟ್ಟುವುದು ನಷ್ಟದ ವ್ಯಾಪಾರ.

ಮರಳಿನ ದಾರಿ ನಿಧಾನದ್ದು, ದುಬಾರಿಯದ್ದು, ಹಿಕ್ಕೆಯನ್ನು ಪೂರ್ತಿ ನಿಲ್ಲಿಸುವುದೂ ಇಲ್ಲ ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ 18 ಗ್ರೀನ್‌ಗಳೂ ಸೇರಿದರೆ ಆಗುವುದು ಸಾಮಾನ್ಯವಾಗಿ ಒಂದು ಹೆಕ್ಟೇರಿನ ಆಸುಪಾಸು. ಇಡೀ ಮೈದಾನ ಅದರ ಹತ್ತಾರು ಪಟ್ಟು. ಶ್ರಮವೆಲ್ಲ ಬೇಕಾಗುವುದು ಆ ಸಣ್ಣ ಪಾಲಿಗೆ ಮಾತ್ರ. ಉಳಿದ ನೆಲದಲ್ಲಿ ಹುಳು ಉಳುತ್ತಿರಲಿ. ಗ್ರೀನ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಗುಪ್ಪೆ ಕಂಡರೆ ಆಟಗಾರರು ದೂರು ಹೇಳುವ ಮೊದಲು ಅದು ಒಣಗುವವರೆಗೆ ಕಾಯಲಿ. ಅದು ಮಣ್ಣು ಬದುಕಿದೆ ಎಂಬುದರ ಗುರುತು.